ಕಂಟ್ರೋಲ್ ಪಾಯಿಂಟ್‌ಗೆ ಯಾವ ವಿಧಾನ: ಸ್ಟ್ಯಾಟಿಕ್, ಆರ್‌ಟಿಕೆ, ಪಿಪಿಪಿಗಳನ್ನು ತೂಗಿ ನೋಡುವ ಬಗೆ

ಉಪಗ್ರಹಗಳ ಸಿಗ್ನಲ್ ಹಿಡಿದು ಸ್ಥಾನ ಅಳೆಯುವ ಜಿಎನ್‌ಎಸ್‌ಎಸ್ ರಿಸೀವರ್ ಹೊಸದಾಗಿ ಕೈಗೆ ಬಂದ ಸರ್ವೆಯರ್‌ಗಳು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಕಂಟ್ರೋಲ್ ಪಾಯಿಂಟ್‌ಗೆ, ಅಂದರೆ ಉಳಿದ ಅಳತೆಗಳಿಗೆಲ್ಲ ಆಧಾರವಾಗುವ ಬಿಂದುವಿಗೆ, ಸ್ಥಳದಲ್ಲೇ ಉತ್ತರ ಕೊಡುವ ಆರ್‌ಟಿಕೆ ಸಾಕೇ, ಹೊತ್ತು ಹಿಡಿಯುವ ಸ್ಟ್ಯಾಟಿಕ್ ಮಾಡಲೇಬೇಕೇ? ಒಂದೇ ಒಂದು ರಿಸೀವರ್ ಇರುವವರ ಪ್ರಶ್ನೆ ಸ್ವಲ್ಪ ಬೇರೆ: ಗಂಟೆಗಟ್ಟಲೆ ಡೇಟಾ ತೆಗೆದು ಆನ್‌ಲೈನ್ ಸೇವೆಗೆ ಕಳಿಸಿದರೆ ಬರುವ ಉತ್ತರವನ್ನು ನಂಬಬಹುದೇ? ಉಪಕರಣದ ಕೈಪಿಡಿಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಅಲ್ಲಿ ಪ್ರತಿ ವಿಧಾನದ ಮುಂದೆ ಒಂದು ಮಿಲಿಮೀಟರ್ ಅಂಕಿ ಇರುತ್ತದೆ, ಅಷ್ಟೆ. ಆ ಅಂಕಿಯೊಂದನ್ನೇ ನೋಡಿ ವಿಧಾನ ಆರಿಸಿಕೊಂಡವರು ಆಮೇಲೆ ಪೇಚಾಡಿದ್ದನ್ನು ಸಾಕಷ್ಟು ಕಂಡಿದ್ದೇನೆ.

ವಿವರ ಅಳೆಯುವಾಗ ಒಂದು ಬಿಂದು ತಪ್ಪಿದರೆ ಕೆಡುವುದು ಆ ಒಂದು ಬಿಂದು ಮಾತ್ರ. ಕಂಟ್ರೋಲ್ ಪಾಯಿಂಟ್ ತಪ್ಪಿದರೆ ಅದರ ಮೇಲೆ ನಿಂತು ಅಳೆದ ಗಡಿ, ರಸ್ತೆ, ಕಂಬ, ಕಟ್ಟಡ ಎಲ್ಲವೂ ಅದೇ ತಪ್ಪನ್ನು ಹೊತ್ತುಕೊಳ್ಳುತ್ತವೆ. ಎಲ್ಲವೂ ಒಟ್ಟಿಗೇ ಸರಿದಿರುವುದರಿಂದ ಒಂದಕ್ಕೊಂದು ಹೊಂದಿಕೊಂಡೇ ಕಾಣುತ್ತವೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಯಾವ ವಿಧಾನ ಎಷ್ಟು ನಿಖರ ಎಂದು ಕೇಳುವ ಮೊದಲು ನಾನು ಕೇಳುವುದು ಬೇರೆ: ನಾವು ಎಡವಿದಾಗ ಈ ವಿಧಾನ ನಮಗೆ ತಿಳಿಸುತ್ತದೆಯೇ?

ತೂಗುವ ಮೊದಲು

ಒಂದು ಕೆಲಸಕ್ಕೆ ಬೇಕಿರುವುದು ಜಗತ್ತಿನ ಲೆಕ್ಕದಲ್ಲಿ ಸರಿಯಾದ ನಿರ್ದೇಶಾಂಕವೇ, ಅಕ್ಕಪಕ್ಕದ ಬಿಂದುಗಳ ನಡುವಿನ ಸರಿಯಾದ ಸಂಬಂಧವೇ? ಇದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಹೆಚ್ಚಿನ ಸರ್ವೆ ಕೆಲಸಗಳಲ್ಲಿ ಎರಡನೆಯದರ ತೂಕವೇ ಹೆಚ್ಚು. ಒಂದು ಲೆಕ್ಕ ಹಾಕೋಣ. 100 ಮೀಟರ್ ಅಂತರದ ಎರಡು ಬಿಂದುಗಳನ್ನು ಆರ್‌ಟಿಕೆಯಲ್ಲಿ ಅಳೆದಿದ್ದೀರಿ, ಪ್ರತಿಯೊಂದೂ ಅಡ್ಡಲಾಗಿ 10 ಮಿ.ಮೀ. ಆಚೀಚೆ ಇರಬಹುದು ಎಂದುಕೊಳ್ಳಿ. ಎರಡೂ ಸೇರಿದರೆ ಸುಮಾರು 14 ಮಿ.ಮೀ. ಒಂದರ ಮೇಲೆ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಉಪಕರಣ) ಇಟ್ಟು ಇನ್ನೊಂದನ್ನು ನೋಡಿ ದಿಕ್ಕು ಹಿಡಿದರೆ, ಆ ದಿಕ್ಕಿನಲ್ಲೇ 29 ಸೆಕೆಂಡಿನಷ್ಟು (ಕೋನದ ಸೆಕೆಂಡು, ಡಿಗ್ರಿಯ 3,600ರಲ್ಲೊಂದು ಭಾಗ) ತಪ್ಪು ಸೇರಿಕೊಳ್ಳುತ್ತದೆ. ಅಲ್ಲಿಂದ 500 ಮೀ. ದೂರದಲ್ಲಿ ಗುರುತು ಮಾಡಿದ ಗೂಟ 7 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಉಪಕರಣ 2 ಸೆಕೆಂಡಿನದ್ದಾಗಿದ್ದರೂ ಏನೂ ಪ್ರಯೋಜನವಿಲ್ಲ. ಅದೇ ಜೋಡಿ 500 ಮೀ. ಅಂತರದಲ್ಲಿದ್ದರೆ ದಿಕ್ಕಿನ ತಪ್ಪು 6 ಸೆಕೆಂಡಿಗೆ ಇಳಿಯುತ್ತದೆ. ಎಷ್ಟೋ ಸಲ ವಿಧಾನ ಬದಲಿಸುವುದಕ್ಕಿಂತ ಜೋಡಿಯ ಅಂತರ ಹೆಚ್ಚಿಸುವುದೇ ಅಗ್ಗದ ಪರಿಹಾರ.

ಎರಡನೆಯದು ತಾಳೆ. ಒಂದೇ ಬಿಂದುವಿಗೆ ಬೇರೆ ಬೇರೆ ದಾರಿಯಿಂದ, ಬೇರೆ ಹೊತ್ತಿನಲ್ಲಿ, ಟ್ರೈಪಾಡನ್ನು ಮತ್ತೆ ನಿಲ್ಲಿಸಿ ಬಂದ ಉತ್ತರಗಳು ಕೂಡಿಬರುತ್ತವೆಯೇ ಎಂದು ನೋಡುವ ಅವಕಾಶ ಆ ವಿಧಾನದಲ್ಲಿ ಇದೆಯೇ? ರಿಸೀವರ್ ಪರದೆ ತೋರಿಸುವ ನಿಖರತೆಯ ಅಂಕಿ ತಾಳೆ ಅಲ್ಲ. ನೀವು ಟ್ರೈಪಾಡನ್ನು ತಪ್ಪು ಕಲ್ಲಿನ ಮೇಲೆ ನಿಲ್ಲಿಸಿದ್ದರೂ ಪರದೆ ಅದೇ 8 ಮಿ.ಮೀ. ತೋರಿಸುತ್ತದೆ.

ಮೂರನೆಯದು ಎತ್ತರ. ಉಪಗ್ರಹಗಳು ನಮ್ಮ ತಲೆಯ ಮೇಲೆ ಮಾತ್ರ ಇವೆ, ಕಾಲಡಿಯಲ್ಲಿ ಇಲ್ಲ. ಹಾಗಾಗಿ ಯಾವ ವಿಧಾನ ಹಿಡಿದರೂ ಎತ್ತರದ ತಪ್ಪು ಸಮತಲದ ತಪ್ಪಿಗಿಂತ ಒಂದೂವರೆಯಿಂದ ಎರಡು ಪಟ್ಟು ಇರುತ್ತದೆ.

ನಾಲ್ಕನೆಯದು ಡೇಟಮ್, ಅಂದರೆ ನಿರ್ದೇಶಾಂಕಗಳನ್ನು ಎಣಿಸುವ ಆಧಾರ ಚೌಕಟ್ಟು, ಮತ್ತು ಅದರ ಕಾಲ. ಭೂಫಲಕಗಳು ಚಲಿಸುತ್ತಲೇ ಇವೆ. ಆಸ್ಟ್ರೇಲಿಯಾ ವರ್ಷಕ್ಕೆ ಸುಮಾರು 7 ಸೆಂ.ಮೀ. ಸರಿಯುತ್ತದೆ, ಅದಕ್ಕಾಗಿಯೇ ಆ ದೇಶ 1994ರ ಡೇಟಮ್ ಬಿಟ್ಟು 2020ರ ಡೇಟಮ್‌ಗೆ ಬಂದಾಗ ನಿರ್ದೇಶಾಂಕಗಳು ಸುಮಾರು 1.8 ಮೀ. ಬದಲಾದವು. ಒಂದು ವಿಧಾನ ಇಂದಿನ ದಿನಾಂಕದ ಐಟಿಆರ್‌ಎಫ್ (ಇಡೀ ಜಗತ್ತಿಗೆ ಒಂದೇ ಆದ ಚೌಕಟ್ಟು) ನಿರ್ದೇಶಾಂಕ ಕೊಡುತ್ತದೆ, ಇನ್ನೊಂದು ಆ ದೇಶದ ಅಧಿಕೃತ ಡೇಟಮ್‌ನಲ್ಲಿ ಕೊಡುತ್ತದೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಹಾಕಿದರೆ ಎರಡೂ ಸರಿಯಾಗಿದ್ದೂ ಕೆಲಸ ಕೆಡುತ್ತದೆ.

ಇವುಗಳ ನಂತರವೇ ಸಮಯ, ಜನ, ರಿಸೀವರ್‌ಗಳ ಸಂಖ್ಯೆ, ಮೊಬೈಲ್ ನೆಟ್‌ವರ್ಕ್, ತೆರೆದ ಆಕಾಶ.

ಸ್ಟ್ಯಾಟಿಕ್: ನಿಧಾನ, ಆದರೆ ಬಾಯಿಬಿಟ್ಟು ಹೇಳುತ್ತದೆ

ಎರಡು ಅಥವಾ ಹೆಚ್ಚು ರಿಸೀವರ್‌ಗಳನ್ನು ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಬಿಂದುಗಳ ಮೇಲೆ ಅಲುಗಾಡದಂತೆ ನಿಲ್ಲಿಸಿ, ಬಂದ ಕಚ್ಚಾ ಡೇಟಾವನ್ನು ಆಮೇಲೆ ಕಚೇರಿಯಲ್ಲಿ ಸಂಸ್ಕರಿಸುವುದು ಸ್ಟ್ಯಾಟಿಕ್ ವಿಧಾನ. ಜಿಪಿಎಸ್‌ನ ಎಲ್1 ಅಲೆಯ ಉದ್ದ ಸುಮಾರು 19 ಸೆಂ.ಮೀ.; ರಿಸೀವರ್ ಆ ಅಲೆಯ ನೂರರಲ್ಲೊಂದು ಭಾಗವನ್ನು, ಅಂದರೆ ಸುಮಾರು 2 ಮಿ.ಮೀ.ಯನ್ನು, ಗುರುತಿಸಬಲ್ಲದು. ಉಪಗ್ರಹಕ್ಕೂ ನಮಗೂ ನಡುವೆ ಒಟ್ಟು ಎಷ್ಟು ಪೂರ್ಣ ಅಲೆಗಳಿವೆ ಎಂಬುದು ಮಾತ್ರ ಅದಕ್ಕೆ ಮೊದಲಿಗೆ ತಿಳಿದಿರುವುದಿಲ್ಲ. ಆ ಪೂರ್ಣಾಂಕವನ್ನು ಸರಿಯಾಗಿ ಕಂಡುಹಿಡಿಯುವುದೇ ಈ ವಿದ್ಯೆಯ ಜೀವಾಳ. ಉಪಗ್ರಹಗಳು ಆಕಾಶದಲ್ಲಿ ಸರಿದಂತೆಲ್ಲ ಆ ಸಂಖ್ಯೆ ಹೆಚ್ಚು ಹೆಚ್ಚು ಖಚಿತವಾಗುತ್ತದೆ. ಹೊತ್ತು ಕೊಡಬೇಕಾಗಿರುವುದು ಇದಕ್ಕೇ.

ಎರಡು ರಿಸೀವರ್‌ಗಳ ಅಳತೆಗಳನ್ನು ಒಂದರಿಂದೊಂದು ಕಳೆದಾಗ ಗಡಿಯಾರಗಳ ದೋಷ ಹೋಗುತ್ತದೆ. ಬಿಂದುಗಳು ಹತ್ತಿರವಿದ್ದರೆ ವಾತಾವರಣದ ದೋಷವೂ ಬಹುಪಾಲು ಹೋಗುತ್ತದೆ. ಉಪಗ್ರಹವೇ ಪ್ರಸಾರ ಮಾಡುವ ಕಕ್ಷೆಯ ಮಾಹಿತಿಯಲ್ಲಿ 1 ಮೀ. ತಪ್ಪಿದ್ದರೂ, ಅದು 20,000 ಕಿ.ಮೀ. ಎತ್ತರದಲ್ಲಿರುವುದರಿಂದ, 10 ಕಿ.ಮೀ. ಬೇಸ್‌ಲೈನ್‌ನಲ್ಲಿ, ಅಂದರೆ ಎರಡು ರಿಸೀವರ್‌ಗಳ ನಡುವಿನ ಗೆರೆಯಲ್ಲಿ, ಆಗುವ ಪರಿಣಾಮ ಅರ್ಧ ಮಿಲಿಮೀಟರ್. 300 ಕಿ.ಮೀ. ಆದರೆ 15 ಮಿ.ಮೀ. ಹಾಗಾಗಿ ಊರಳತೆಯ ಕೆಲಸಕ್ಕೆ ನಿಖರ ಕಕ್ಷೆಗಾಗಿ ಕಾಯಬೇಕಿಲ್ಲ, ದೂರದ ಬೇಸ್‌ಲೈನ್‌ಗೆ ಕಾಯಲೇಬೇಕು.

ಎರಡು ತರಂಗಾಂತರ ಹಿಡಿಯುವ ರಿಸೀವರ್, ತೆರೆದ ಆಕಾಶ, 10 ಕಿ.ಮೀ. ಒಳಗಿನ ದೂರ: ಈ ಮೂರೂ ಇದ್ದರೆ 20ರಿಂದ 30 ನಿಮಿಷದಲ್ಲೇ ಒಳ್ಳೆಯ ಫಲ ಬರುತ್ತದೆ; ರ‍್ಯಾಪಿಡ್ ಸ್ಟ್ಯಾಟಿಕ್ ಎನ್ನುವುದು ಇದನ್ನೇ. ಇಪ್ಪತ್ತು ಕಿ.ಮೀ. ದಾಟಿದರೆ ಒಂದು ಗಂಟೆಗೆ ಕಡಿಮೆ ಬೇಡ. ನೂರರ ಹತ್ತಿರ ಹೋದರೆ ಹಲವು ಗಂಟೆ. ಮುಖ್ಯ ಕಂಟ್ರೋಲ್ ಆದರೆ ಹತ್ತಿರದ ಬೇಸ್‌ಲೈನ್‌ಗೂ ನಾನು ಒಂದು ಗಂಟೆ ಕೊಡುತ್ತೇನೆ, ಏಕೆಂದರೆ ಅಲ್ಲಿಗೆ ಮತ್ತೊಮ್ಮೆ ಹೋಗುವುದಕ್ಕಿಂತ ಅರ್ಧ ಗಂಟೆ ಹೆಚ್ಚು ಕೂರುವುದು ಸುಲಭ.

ಸ್ಟ್ಯಾಟಿಕ್‌ನ ದೊಡ್ಡ ಬಲ ತಾಳೆ ನೋಡುವ ಅವಕಾಶ. ಆದರೆ ಆ ಅವಕಾಶ ತಾನಾಗಿ ಬರುವುದಿಲ್ಲ. ನನ್ನದೇ ಅನುಭವ ಹೇಳುತ್ತೇನೆ. ಮೂರು ರಿಸೀವರ್‌ಗಳನ್ನು ಮೂರು ಬಿಂದುಗಳ ಮೇಲೆ ಇಟ್ಟು ಒಂದೇ ಸೆಷನ್‌ನಲ್ಲಿ, ಅಂದರೆ ಒಂದೇ ಹೊತ್ತಿನಲ್ಲಿ ಒಟ್ಟಿಗೆ, ಅಳೆದೆವು. ತ್ರಿಕೋನ 4 ಮಿ.ಮೀ.ಗೆ ಮುಚ್ಚಿಕೊಂಡಿತು, ಅಂದರೆ ಮೂರೂ ಬದಿ ಸುತ್ತಿ ಹೊರಟ ಬಿಂದುವಿಗೆ ಬಂದಾಗ ಅಷ್ಟೇ ವ್ಯತ್ಯಾಸ; ಎಲ್ಲರಿಗೂ ಸಮಾಧಾನ. ಮರುದಿನ ಅದರಲ್ಲೊಂದು ಬಿಂದುವಿನ ಮೇಲೆ ಮತ್ತೆ ಟ್ರೈಪಾಡ್ ನಿಲ್ಲಿಸಿ ಮುಂದಿನ ತ್ರಿಕೋನ ಅಳೆದು ಎರಡನ್ನೂ ಜೋಡಿಸಿದಾಗ ಎತ್ತರದಲ್ಲಿ 9 ಸೆಂ.ಮೀ. ವ್ಯತ್ಯಾಸ. ಹಿಂದಿನ ದಿನ ಆಂಟೆನಾ ಎತ್ತರ 1.435 ಎಂದು ಓದಿ 1.345 ಎಂದು ಬರೆದುಕೊಂಡಿದ್ದೆವು. ಮೊದಲ ದಿನದ ತ್ರಿಕೋನ ಇದನ್ನು ಏಕೆ ಹಿಡಿಯಲಿಲ್ಲ? ಆ ಬಿಂದುವಿನಿಂದ ಹೊರಟ ಎರಡೂ ಬೇಸ್‌ಲೈನ್‌ಗಳಲ್ಲಿ ಅದೇ ತಪ್ಪು ಇತ್ತು. ಸುತ್ತು ಬಂದಾಗ ಒಂದು ಇನ್ನೊಂದನ್ನು ಅಳಿಸಿಹಾಕಿತು. ಒಂದು ಸೆಷನ್‌ನಲ್ಲಿ ಎಷ್ಟು ರಿಸೀವರ್ ಇದ್ದರೂ ಸ್ವತಂತ್ರ ಬೇಸ್‌ಲೈನ್‌ಗಳು ಅದಕ್ಕಿಂತ ಒಂದು ಕಡಿಮೆ. ಮೂರಕ್ಕೆ ಎರಡು, ನಾಲ್ಕಕ್ಕೆ ಮೂರು. ಉಳಿದವು ಅದೇ ಡೇಟಾದ ಮರುಲೆಕ್ಕ. ಒಂದೇ ಸೆಷನ್‌ನ ತ್ರಿಕೋನ ಮುಚ್ಚಿತೆಂದು ಯಾರಾದರೂ ವರದಿಯಲ್ಲಿ ಬರೆದರೆ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಬೇರೆ ಸೆಷನ್‌ಗಳ ಬೇಸ್‌ಲೈನ್‌ಗಳಿಂದ ಕಟ್ಟಿದ ಸುತ್ತು ಮಾತ್ರ ಸಾಕ್ಷಿ.

ಖರ್ಚಿನ ಕಡೆ ನೋಡಿದರೆ ಸ್ಟ್ಯಾಟಿಕ್ ಭಾರವೇ. ಕನಿಷ್ಠ ಎರಡು, ಅನುಕೂಲಕ್ಕೆ ಮೂರು ರಿಸೀವರ್ ಬೇಕು. ಪ್ರತಿ ಬಿಂದುವಿನ ಹತ್ತಿರ ಒಬ್ಬರು ಕಾಯಬೇಕು. ಕಚೇರಿಯಲ್ಲಿ ಸಂಸ್ಕರಣೆ, ಹೊಂದಾಣಿಕೆಯ ಲೆಕ್ಕ ಗೊತ್ತಿರುವವರು ಬೇಕು. ಸ್ಥಳದಲ್ಲಿ ಉತ್ತರ ಸಿಗುವುದಿಲ್ಲ. ಡೇಟಾ ಕೆಟ್ಟಿದ್ದರೆ ಗೊತ್ತಾಗುವುದು ಸಂಜೆಗೆ. ಕಡಿಮೆ ಬಜೆಟ್‌ನವರಿಗೆ ಒಂದು ದಾರಿ ಇದೆ: ಜೆಡ್‌ಇಡಿ-ಎಫ್9ಪಿಯಂತಹ ಚಿಕ್ಕ ಎರಡು ತರಂಗಾಂತರದ ಮಾಡ್ಯೂಲ್‌ಗಳಿಂದ ಮಾಡಿದ ರಿಸೀವರ್‌ಗಳು ಹತ್ತಿರದ ಬೇಸ್‌ಲೈನ್‌ಗಳಲ್ಲಿ ಸೆಂಟಿಮೀಟರ್ ಮಟ್ಟದ ಫಲ ಕೊಡುತ್ತವೆ, ಡೇಟಾವನ್ನು ರೈನೆಕ್ಸ್ ಎಂಬ ಸಾಮಾನ್ಯ ಕಡತ ರೂಪಕ್ಕೆ ಬದಲಿಸಿ ಆರ್‌ಟಿಕೆಲಿಬ್ ಎಂಬ ಉಚಿತ ತಂತ್ರಾಂಶದಲ್ಲಿ ಸಂಸ್ಕರಿಸಬಹುದು. ಉಳಿಸುವುದಿದ್ದರೆ ರಿಸೀವರ್‌ನಲ್ಲಿ ಉಳಿಸಿ, ಆಂಟೆನಾದಲ್ಲಿ ಉಳಿಸಬೇಡಿ. ಫೇಸ್ ಸೆಂಟರ್ (ಸಿಗ್ನಲ್ ನಿಜವಾಗಿ ಬಂದು ಸೇರುವ ಬಿಂದು) ಅಳೆದು ಪ್ರಕಟಿಸಿರುವ ಆಂಟೆನಾ ಇಲ್ಲದಿದ್ದರೆ ಎತ್ತರದಲ್ಲಿ ಸೆಂಟಿಮೀಟರ್‌ಗಳ ಅನುಮಾನ ಕೊನೆಯವರೆಗೂ ಉಳಿಯುತ್ತದೆ.

ಕಾಯಂ ಕೇಂದ್ರಗಳು ಮತ್ತು ಆನ್‌ಲೈನ್ ಸೇವೆಗಳು

ನಿಮ್ಮ ಸುತ್ತಮುತ್ತ ಹಗಲಿರುಳು ಡೇಟಾ ದಾಖಲಿಸುವ ಕಾಯಂ ಉಲ್ಲೇಖ ಕೇಂದ್ರಗಳು, ಅಂದರೆ ಕಾರ್ಸ್ ಕೇಂದ್ರಗಳು, ಇದ್ದರೆ ನಿಮಗೆ ಬೇಕಾದ ಎರಡನೆಯ ರಿಸೀವರ್ ಅದೇ. ಅಲ್ಲಿಯ ಕಡತ ಇಳಿಸಿಕೊಂಡು ನಿಮ್ಮದರ ಜೊತೆ ಸಂಸ್ಕರಿಸಿದರೆ ಆಯಿತು. ಅಷ್ಟೂ ಬೇಡವೆಂದರೆ ಕಡತ ಕಳಿಸಿದರೆ ಉತ್ತರ ಮಿಂಚಂಚೆಯಲ್ಲಿ ಬರುವ ಸೇವೆಗಳಿವೆ. ಅಮೆರಿಕದ ಒಪಸ್ ಸೇವೆ ಎರಡು ಗಂಟೆಯಿಂದ 48 ಗಂಟೆವರೆಗಿನ ಸ್ಟ್ಯಾಟಿಕ್ ಡೇಟಾ ತೆಗೆದುಕೊಳ್ಳುತ್ತದೆ. ಆಸ್ಟ್ರೇಲಿಯಾದ ಆಸ್‌ಪಾಸ್ ಜಗತ್ತಿನ ಯಾವ ಮೂಲೆಯ ಡೇಟಾವನ್ನೂ ಸಂಸ್ಕರಿಸುತ್ತದೆ. ಎರಡೂ ಒಳಗೊಳಗೆ ಮಾಡುವುದು ಕಾಯಂ ಕೇಂದ್ರಗಳಿಂದ ನಿಮ್ಮ ಬಿಂದುವಿಗೆ ಬೇಸ್‌ಲೈನ್ ಲೆಕ್ಕವನ್ನೇ.

ಒಂದೇ ರಿಸೀವರ್ ಇರುವವರಿಗೆ ಇದು ದೊಡ್ಡ ವರ. ಆದರೆ ಪ್ರತಿ ಬಿಂದು ದೂರದ ಕೇಂದ್ರಕ್ಕೆ ಕಟ್ಟಿಕೊಂಡಿರುತ್ತದೆ, ಪಕ್ಕದ ಬಿಂದುವಿಗಲ್ಲ. 200 ಮೀ. ಅಂತರದ ಎರಡು ಬಿಂದುಗಳನ್ನು ಬೇರೆ ಬೇರೆ ದಿನ ಹೀಗೆ ಅಳೆದರೆ, ಮೇಲೆ ಹೇಳಿದ ದಿಕ್ಕಿನ ತೊಂದರೆ ಇಲ್ಲೂ ಬರುತ್ತದೆ. ಒಂದು ಬಿಂದುವನ್ನು ಹೀಗೆ ಗಟ್ಟಿ ಮಾಡಿಕೊಂಡು, ಉಳಿದವನ್ನು ಅದರಿಂದ ಟೋಟಲ್ ಸ್ಟೇಷನ್‌ನಲ್ಲಿ ಅಥವಾ ಚಿಕ್ಕ ಬೇಸ್‌ಲೈನ್‌ಗಳಲ್ಲಿ ಹಿಡಿಯುವುದು ಉತ್ತಮ.

ಪಿಪಿಪಿ: ಒಬ್ಬಂಟಿಗನ ದಾರಿ

ಸುತ್ತ ನೂರಾರು ಕಿ.ಮೀ. ಯಾವ ಕೇಂದ್ರವೂ ಇಲ್ಲ, ಎರಡನೆಯ ರಿಸೀವರ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಇಂಥಲ್ಲಿ ಒಂದೇ ರಿಸೀವರ್‌ನ ಡೇಟಾದಿಂದ ನಿಖರ ಸ್ಥಾನ ಲೆಕ್ಕ ಹಾಕುವ ಪಿಪಿಪಿಯೇ ಗತಿ. ಇಲ್ಲಿ ಒಂದರಿಂದೊಂದು ಕಳೆಯುವ ಅನುಕೂಲವಿಲ್ಲ. ಪ್ರತಿ ದೋಷವನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕಿ ತೆಗೆಯಬೇಕು. ಉಪಗ್ರಹದ ಕಕ್ಷೆ, ಗಡಿಯಾರ, ಆಂಟೆನಾ ಎಲ್ಲದರ ಜೊತೆಗೆ ನೆಲದ ಉಬ್ಬರವಿಳಿತವನ್ನೂ. ಚಂದ್ರ ಸೂರ್ಯರ ಸೆಳೆತಕ್ಕೆ ಗಟ್ಟಿ ನೆಲವೇ ಸುಮಾರು 30 ಸೆಂ.ಮೀ.ವರೆಗೆ ಏರಿಳಿಯುತ್ತದೆ, ಅಕ್ಕಪಕ್ಕದ ಬಿಂದುಗಳು ಒಟ್ಟಿಗೇ ಏರಿಳಿಯುವುದರಿಂದ ಬೇಸ್‌ಲೈನ್‌ನಲ್ಲಿ ಅದು ಕಾಣುವುದೇ ಇಲ್ಲ, ಪಿಪಿಪಿಯಲ್ಲಿ ಕಾಣುತ್ತದೆ.

ಅಂತಾರಾಷ್ಟ್ರೀಯ ಸಂಸ್ಥೆ ಐಜಿಎಸ್ ನಿಖರ ಕಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ತ್ವರಿತ ಕಕ್ಷೆ ಮರುದಿನ ಸಿಗುತ್ತದೆ, ಅಂತಿಮ ಕಕ್ಷೆಗೆ ಸುಮಾರು ಎರಡು ವಾರ ಕಾಯಬೇಕು. ಅಂತಿಮದ ನಿಖರತೆ 2.5 ಸೆಂ.ಮೀ. ಆಸುಪಾಸು. ನಿಮ್ಮ ಡೇಟಾ ಕೆನಡಾದ ಸಿಎಸ್‌ಆರ್‌ಎಸ್-ಪಿಪಿಪಿ ಸೇವೆಗೆ ಹೋದರೆ ಇಂಥ ನಿಖರ ಕಕ್ಷೆ, ಗಡಿಯಾರಗಳ ಮೇಲೆಯೇ ಲೆಕ್ಕ ನಡೆಯುತ್ತದೆ. 2020ರಿಂದ ಅದು ಪೂರ್ಣ ಅಲೆಗಳ ಸಂಖ್ಯೆಯನ್ನೂ ಬಿಡಿಸುವುದರಿಂದ ಮೊದಲಿಗಿಂತ ಕಡಿಮೆ ಹೊತ್ತಿನ ಡೇಟಾಗೂ ಒಳ್ಳೆಯ ಫಲ ಬರುತ್ತದೆ. ಒಂದು ಗಂಟೆಯ ಡೇಟಾಗೆ ಕೆಲವು ಸೆಂ.ಮೀ., ನಾಲ್ಕಾರು ಗಂಟೆಗೆ ಒಂದೆರಡು ಸೆಂಟಿಮೀಟರ್, ಇಡೀ ದಿನಕ್ಕೆ ಸಮತಲದಲ್ಲಿ ಮಿಲಿಮೀಟರ್‌ಗಳ ಲೆಕ್ಕ ಎಂದು ಇಟ್ಟುಕೊಳ್ಳಿ.

ಪಿಪಿಪಿಯ ತೊಂದರೆ ನನ್ನ ಮೊದಲ ಪ್ರಶ್ನೆಯಲ್ಲೇ ಇದೆ. ತಾಳೆ ನೋಡಲು ಅದರೊಳಗೆ ಏನೂ ಇಲ್ಲ. ಆಂಟೆನಾ ಎತ್ತರ ತಪ್ಪಾಗಿ ಬರೆದರೆ ಸೇವೆ ಅದನ್ನು ಹಾಗೇ ನಂಬಿ, ಅಂದವಾದ ವರದಿ ಮಾಡಿ ಕಳಿಸುತ್ತದೆ. ಆದ್ದರಿಂದ ಎರಡು ಸಲ ಕೂರಿ, ಎರಡನೆಯ ಸಲ ಟ್ರೈಪಾಡ್ ಎತ್ತರ ಬೇಕೆಂದೇ ಬದಲಿಸಿ. ಎರಡು ವರದಿಗಳೂ ಕೂಡಿಬಂದರೆ ಮಾತ್ರ ಮುಂದೆ ಹೋಗಿ. ಬಂದ ಉತ್ತರ ಅಳೆದ ದಿನದ ಐಟಿಆರ್‌ಎಫ್‌ನಲ್ಲಿರಬಹುದು ಎಂಬುದನ್ನೂ ಮರೆಯಬೇಡಿ.

ಆರ್‌ಟಿಕೆ: ವೇಗ, ಅದರ ಬೆಲೆ

ಆರ್‌ಟಿಕೆ ಮೂಲದಲ್ಲಿ ಸ್ಟ್ಯಾಟಿಕ್‌ನ ಅದೇ ಗಣಿತ. ಒಂದೆಡೆ ನಿಂತ ರಿಸೀವರ್, ಅಂದರೆ ಬೇಸ್, ತನ್ನ ಡೇಟಾವನ್ನು ರೇಡಿಯೊ ಅಥವಾ ಇಂಟರ್‌ನೆಟ್ ಮೂಲಕ ಕಳಿಸುತ್ತದೆ, ನಾವು ಒಯ್ಯುವ ರಿಸೀವರ್, ಅಂದರೆ ರೋವರ್, ಸ್ಥಳದಲ್ಲೇ ಲೆಕ್ಕ ಬಿಡಿಸುತ್ತದೆ. ಪರದೆಯಲ್ಲಿ ಫಿಕ್ಸ್ ಬಂದಿತೆಂದರೆ ಪೂರ್ಣ ಅಲೆಗಳ ಸಂಖ್ಯೆ ಸಿಕ್ಕಿತೆಂದು ರೋವರ್ ನಂಬಿದೆ ಎಂದರ್ಥ. ನಂಬಿದೆ ಎಂಬ ಪದವನ್ನು ಗಮನಿಸಿ. ಗೋಡೆ, ತಗಡು, ನಿಂತ ವಾಹನ, ಮರದ ಕೊಂಬೆಗಳಿಂದ ಸಿಗ್ನಲ್ ಪುಟಿದು ಬಂದಾಗ ರೋವರ್ ತಪ್ಪು ಸಂಖ್ಯೆಯನ್ನೂ ನಂಬಿಬಿಡುತ್ತದೆ. ಆಗ ಬಿಂದು ಹಲವು ಸೆಂಟಿಮೀಟರ್ ಸರಿದಿದ್ದರೂ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಕೈಪಿಡಿಯಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ ಸಮತಲಕ್ಕೆ 8 ಮಿ.ಮೀ. ಜೊತೆಗೆ 1 ಪಿಪಿಎಂ (ಬೇಸ್‌ನ ದೂರದ ಪ್ರತಿ ಕಿ.ಮೀ.ಗೆ 1 ಮಿ.ಮೀ.), ಎತ್ತರಕ್ಕೆ 15 ಮಿ.ಮೀ. ಜೊತೆಗೆ 1 ಪಿಪಿಎಂ. ಬೇಸ್ 10 ಕಿ.ಮೀ. ದೂರದಲ್ಲಿದ್ದರೆ ಸಮತಲದಲ್ಲೇ 18 ಮಿ.ಮೀ. ಆಯಿತು. ಅದೂ ಸರಾಸರಿ ಲೆಕ್ಕದ ಅಂಕಿ. ಹೆಚ್ಚುಕಡಿಮೆ ಮೂರರಲ್ಲೊಂದು ಅಳತೆ ಅದಕ್ಕಿಂತ ಕೆಟ್ಟದಾಗಿರುವುದು ಸಹಜ. ಕಂಟ್ರೋಲ್‌ಗೆ ಆರ್‌ಟಿಕೆ ಬಳಸುವುದೇ ಆದರೆ ಬೇಸ್ 5 ಕಿ.ಮೀ. ಒಳಗಿರಲಿ.

ಹಾಗಂತ ಆರ್‌ಟಿಕೆಯನ್ನು ತಳ್ಳಿಹಾಕುವವನು ನಾನಲ್ಲ. ಕೆಲವು ಶಿಸ್ತುಗಳಿದ್ದರೆ ಎರಡನೆಯ ದರ್ಜೆಯ ಕಂಟ್ರೋಲ್‌ಗೆ ಅದು ಧಾರಾಳ ಸಾಕು. ಕೋಲನ್ನು ಕೈಯಲ್ಲಿ ಹಿಡಿಯಬೇಡಿ, ಬೈಪಾಡ್ ಅಥವಾ ಟ್ರೈಪಾಡ್ ಬಳಸಿ. 2 ಮೀ. ಕೋಲಿನ ಗುಳ್ಳೆ 10 ನಿಮಿಷದ ಕೋನದಷ್ಟು ತಪ್ಪಿದ್ದರೆ ತುದಿ ಸುಮಾರು 6 ಮಿ.ಮೀ. ಓರೆ. ಓರೆಯನ್ನು ತಾನೇ ಸರಿಪಡಿಸುವ ರೋವರ್ ಸೌಲಭ್ಯ ವಿವರ ಅಳೆಯಲು ಚೆನ್ನ, ಕಂಟ್ರೋಲ್ ಅಳೆಯುವಾಗ ಅದನ್ನು ಬಂದ್ ಮಾಡಿಬಿಡಿ. ಮೂರು ನಿಮಿಷ ಅಳೆದು, ಫಿಕ್ಸ್ ಕಳೆದು ಮತ್ತೆ ಹಿಡಿದು ಇನ್ನೊಮ್ಮೆ ಅಳೆಯಿರಿ. ಆಮೇಲೆ ಕೆಲವು ಗಂಟೆ ಬಿಟ್ಟು, ಉಪಗ್ರಹಗಳ ಜೋಡಣೆ ಬದಲಾದ ಮೇಲೆ, ಮತ್ತೆ ಬನ್ನಿ. ಎರಡು ಬಾರಿಯ ನಡುವೆ 2 ಸೆಂ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಸರಾಸರಿ ತೆಗೆಯಬೇಡಿ. ಮೂರನೆಯ ಸಲ ಅಳೆದು ಯಾವುದು ತಪ್ಪಿದೆ ಎಂದು ಹುಡುಕಿ. ಕೆಟ್ಟ ಅಳತೆಯನ್ನು ಒಳ್ಳೆಯದರ ಜೊತೆ ಸರಾಸರಿ ಮಾಡಿದರೆ ಎರಡೂ ಕೆಡುತ್ತವೆ.

ಈ ವಿಧಾನದಲ್ಲಿ ನಾನು ಎಲ್ಲರಿಗೂ ಹೇಳುವ ಒಂದು ಜೋಡಣೆ ಇದೆ. ಬೇಸ್ ಇಟ್ಟ ಬಿಂದುವಿನ ನಿರ್ದೇಶಾಂಕ ಗೊತ್ತಿಲ್ಲದಿದ್ದರೆ ಅಂದಾಜು ಸ್ಥಾನ ಕೊಟ್ಟು ಕೆಲಸ ಶುರುಮಾಡಿ, ಆದರೆ ಆ ಹೊತ್ತಿಡೀ ಬೇಸ್‌ನಲ್ಲಿ ಕಚ್ಚಾ ಡೇಟಾ ದಾಖಲಾಗುತ್ತಿರಲಿ. ದಿನದ ಕೊನೆಗೆ ಏಳೆಂಟು ಗಂಟೆಯ ಡೇಟಾ ಸಿಕ್ಕಿರುತ್ತದೆ. ಅದನ್ನು ಆನ್‌ಲೈನ್ ಸೇವೆಗೆ ಕಳಿಸಿ ಬೇಸ್‌ನ ನಿಜ ಸ್ಥಾನ ಪಡೆದು, ರೋವರ್ ಅಳೆದ ಬಿಂದುಗಳನ್ನೆಲ್ಲ ಅಷ್ಟೇ ದೂರ ಸರಿಸಿ. ಬಿಂದುಗಳ ನಡುವಿನ ಸಂಬಂಧ ಆರ್‌ಟಿಕೆಯಿಂದ, ಜಗತ್ತಿನಲ್ಲಿ ಅವುಗಳ ನೆಲೆ ದೀರ್ಘ ಡೇಟಾದಿಂದ. ಖರ್ಚು ಏನೂ ಹೆಚ್ಚಾಗುವುದಿಲ್ಲ, ದಾಖಲಿಸುವ ಗುಂಡಿ ಒತ್ತಲು ನೆನಪಿರಬೇಕು.

ನೆಟ್‌ವರ್ಕ್ ಆರ್‌ಟಿಕೆ ಇದಕ್ಕಿಂತ ಹಗುರ: ಬೇಸ್ ನಿಮ್ಮದಲ್ಲ, ಹಲವು ಕಾಯಂ ಕೇಂದ್ರಗಳಿಂದ ಲೆಕ್ಕ ಹಾಕಿದ ತಿದ್ದುಪಡಿ ಇಂಟರ್‌ನೆಟ್‌ನಲ್ಲಿ ಎನ್‌ಟ್ರಿಪ್ ಎಂಬ ವ್ಯವಸ್ಥೆಯ ಮೂಲಕ ಬರುತ್ತದೆ. ದೂರ ಹೆಚ್ಚಿದಂತೆ ತಪ್ಪು ಹೆಚ್ಚುವುದು ಕಡಿಮೆಯಾಗುತ್ತದೆ, ಡೇಟಮ್ ಕೂಡ ನೆಟ್‌ವರ್ಕಿನದೇ ಬರುವುದರಿಂದ ಬೇರೆ ತಂಡಗಳ ಕೆಲಸಕ್ಕೆ ಹೊಂದಿಕೊಳ್ಳುತ್ತದೆ. ಆದರೆ ನೆಟ್‌ವರ್ಕಿನ ಅಂಚಿನಾಚೆ ಅದನ್ನು ನಂಬಬೇಡಿ. ಹಳೆಯ ನಂಬಿಕಸ್ತ ಬಿಂದುವೊಂದನ್ನು ಬೆಳಿಗ್ಗೆ ಮತ್ತು ಸಂಜೆ ಅಳೆದು ತಾಳೆ ನೋಡುವುದನ್ನು ತಪ್ಪಿಸಬೇಡಿ.

ಉಪಗ್ರಹದಿಂದಲೇ ತಿದ್ದುಪಡಿ ಬರುವ ಸೇವೆಗಳನ್ನು ಬೇಗ ಮುಗಿಸಿಬಿಡುತ್ತೇನೆ. ಯುರೋಪಿನ ಉಪಗ್ರಹ ವ್ಯವಸ್ಥೆ ಗೆಲಿಲಿಯೊದ ಹೈ ಆ್ಯಕ್ಯುರಸಿ ಸರ್ವಿಸ್ 2023ರ ಜನವರಿಯಿಂದ ಉಚಿತವಾಗಿ ಸಿಗುತ್ತಿದೆ. ಅದರ ಗುರಿ ಸಮತಲದಲ್ಲಿ 20 ಸೆಂ.ಮೀ., ಎತ್ತರದಲ್ಲಿ 40 ಸೆಂ.ಮೀ. ಕಲ್ಲು ಹುಡುಕಲು, ಸ್ಥಳ ಪರಿಶೀಲನೆಗೆ ಚೆನ್ನ. ಕಂಟ್ರೋಲ್‌ಗೆ ಅಲ್ಲ. ಫೋನಿನ ಜಿಪಿಎಸ್ ಬಗ್ಗೆಯೂ ಇದೇ ಮಾತು, ಇನ್ನೂ ಒತ್ತಿ.

ಯಾವ ವಿಧಾನವೂ ಉಳಿಸಿಕೊಡದ ಸಂಗತಿಗಳು

ಜಾಗ ಕೆಟ್ಟದ್ದಾದರೆ ವಿಧಾನ ಒಳ್ಳೆಯದಾಗಿದ್ದೂ ಉಪಯೋಗವಿಲ್ಲ. ದಿಗಂತದಿಂದ 15 ಡಿಗ್ರಿ ಮೇಲೆ ಎಲ್ಲ ದಿಕ್ಕಿಗೂ ಆಕಾಶ ತೆರೆದಿರುವ, ಗಟ್ಟಿ ನೆಲದ, ನಾಳೆ ಯಾರೂ ಅಗೆಯದ ಜಾಗ ಹುಡುಕಲು ಅರ್ಧ ದಿನ ಹೋದರೂ ಅದು ದಂಡವಲ್ಲ. ಭೂಮಧ್ಯರೇಖೆಯ ಆಸುಪಾಸಿನ ನಾಡುಗಳಲ್ಲಿ ಸೂರ್ಯ ಮುಳುಗಿದ ಮೇಲಿನ ಕೆಲವು ಗಂಟೆ ಅಯಾನುಗೋಳ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ಕಲಕಿಹೋಗುತ್ತದೆ, ಸಿಗ್ನಲ್ ತುಂಡಾಗುತ್ತದೆ. ಮುಖ್ಯ ಸೆಷನ್‌ಗಳನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಸೌರ ಬಿರುಗಾಳಿಯ ದಿನ ಆರ್‌ಟಿಕೆ ಕೈಕೊಡುತ್ತದೆ. 2024ರ ಮೇ 10ರ ಬಿರುಗಾಳಿಯಲ್ಲಿ ಉಪಗ್ರಹ ನೆಚ್ಚಿದ ಕೃಷಿ ಯಂತ್ರಗಳೂ ಬಿತ್ತನೆ ನಿಲ್ಲಿಸಬೇಕಾಯಿತು.

ರಿಸೀವರ್ ಕೊಡುವುದು ದೀರ್ಘವೃತ್ತಗೋಳದ, ಅಂದರೆ ಭೂಮಿಗೆ ಗಣಿತ ಕೊಟ್ಟ ನಯವಾದ ಆಕಾರದ, ಮೇಲಿನ ಎತ್ತರ. ನೀರು ಹರಿಯುವುದು ಆ ಎತ್ತರ ನೋಡಿಕೊಂಡು ಅಲ್ಲ. ಸಮುದ್ರಮಟ್ಟದ ಎತ್ತರ ಬೇಕಾದರೆ ಆ ಆಕಾರಕ್ಕೂ ಸಮುದ್ರಮಟ್ಟದ ಮೈಗೂ (ಜಿಯಾಯ್ಡ್) ನಡುವಿನ ವ್ಯತ್ಯಾಸ ಕಳೆಯಬೇಕು. ಜಗತ್ತಿನಲ್ಲಿ ಅದು ಸುಮಾರು ಮೈನಸ್ 106 ಮೀ.ಯಿಂದ ಪ್ಲಸ್ 85 ಮೀ.ವರೆಗೆ ಬದಲಾಗುತ್ತದೆ. ಇಡೀ ಜಗತ್ತಿನ ಜಿಯಾಯ್ಡ್ ಕೊಡುವ ಇಜಿಎಂ2008 ಮಾದರಿ ಎಲ್ಲೆಡೆ ಸಿಗುತ್ತದೆ, ಆದರೆ ಗುಡ್ಡಗಾಡಿನಲ್ಲಿ ಅದರ ತಪ್ಪು ನಿಮ್ಮ ಅಳತೆಯ ತಪ್ಪಿಗಿಂತ ಹೆಚ್ಚಿರಬಹುದು. ಚರಂಡಿ, ಕಾಲುವೆ, ಕೊಳವೆಗಳ ಕೆಲಸವಿದ್ದರೆ ಸಮತಲಕ್ಕೆ ಉಪಗ್ರಹ, ಎತ್ತರಕ್ಕೆ ಲೆವೆಲಿಂಗ್ ಎಂದು ಮೊದಲೇ ಬಜೆಟ್‌ನಲ್ಲಿ ಬೇರ್ಪಡಿಸಿಬಿಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಕ್ಷೆಯ ಪ್ರಕ್ಷೇಪಣೆಯ ವಿಷಯಕ್ಕೆ ಹೆಚ್ಚಿನವರು ಗಮನ ಕೊಡುವುದಿಲ್ಲ. ಭೂಮಿಯನ್ನು ವಲಯಗಳಾಗಿ ಹಂಚಿ ಚಪ್ಪಟೆ ನಕ್ಷೆ ಮಾಡುವ ಯುಟಿಎಂ ಪ್ರಕ್ಷೇಪಣೆಯಲ್ಲಿ ವಲಯದ ಮಧ್ಯ ರೇಖಾಂಶದ ಮೇಲೆ ಅಳತೆ ಗುಣಕ 0.9996. ಅಂದರೆ ನೆಲದ ಮೇಲಿನ 1 ಕಿ.ಮೀ. ನಕ್ಷೆಯಲ್ಲಿ 40 ಸೆಂ.ಮೀ. ಕಡಿಮೆ. ಸ್ಥಳ 1,000 ಮೀ. ಎತ್ತರದಲ್ಲಿದ್ದರೆ ಇನ್ನೂ ಸುಮಾರು 16 ಸೆಂ.ಮೀ. ಕಡಿಮೆ. ಉಪಗ್ರಹದಲ್ಲಿ ಅಳೆದ ಎರಡು ಬಿಂದುಗಳ ನಡುವೆ ಟೋಟಲ್ ಸ್ಟೇಷನ್‌ನಲ್ಲಿ ದೂರ ಅಳೆದು, ಅರ್ಧ ಮೀಟರ್ ವ್ಯತ್ಯಾಸ ಬಂತೆಂದು ಉಪಕರಣವನ್ನು ದುರಸ್ತಿಗೆ ಕಳಿಸಿದವರಿದ್ದಾರೆ. ಉಪಕರಣ ಸರಿಯಾಗಿಯೇ ಇತ್ತು.

ನಿಮ್ಮ ಕೆಲಸಕ್ಕೆ ಯಾವುದು

ಒಂದು ಕಟ್ಟಡ ಅಥವಾ ಸಣ್ಣ ಬಡಾವಣೆ, ನೆಟ್‌ವರ್ಕ್ ಚೆನ್ನಾಗಿದೆ, ಒಂದೇ ರೋವರ್. ನೆಟ್‌ವರ್ಕ್ ಆರ್‌ಟಿಕೆಯಲ್ಲಿ ಜಾಗದ ಅಂಚುಗಳಲ್ಲಿ, ಆದಷ್ಟು ದೂರ ದೂರ, ಮೂರು ನಾಲ್ಕು ಬಿಂದುಗಳನ್ನು ಎರಡೆರಡು ಸಲ ಅಳೆಯಿರಿ. ಆಮೇಲೆ ಟೋಟಲ್ ಸ್ಟೇಷನ್‌ನಲ್ಲಿ ಅವುಗಳ ನಡುವಿನ ಕೋನ, ದೂರ ಅಳೆದು ಎಲ್ಲವನ್ನೂ ಒಟ್ಟಿಗೆ ಹೊಂದಿಸಿ. ನೆಲೆ ಉಪಗ್ರಹದಿಂದ, ಆಕಾರ ಟೋಟಲ್ ಸ್ಟೇಷನ್‌ನಿಂದ ಬರಲಿ.

ಇಪ್ಪತ್ತು ಮೂವತ್ತು ಕಿ.ಮೀ. ಉದ್ದದ ರಸ್ತೆ, ಕಾಲುವೆ, ವಿದ್ಯುತ್ ಮಾರ್ಗ. ಇಲ್ಲಿ ಸ್ಟ್ಯಾಟಿಕ್ ಬಿಟ್ಟು ಬೇರೆ ಯೋಚನೆ ಬೇಡ. ಐದಾರು ಕಿ.ಮೀ.ಗೊಂದು ಜೋಡಿ, ಜೋಡಿಯ ಎರಡು ಬಿಂದುಗಳು ಒಂದಕ್ಕೊಂದು ಕಾಣುವಂತೆ, 300ರಿಂದ 500 ಮೀ. ಅಂತರದಲ್ಲಿ. ಆ ಎರಡರ ನಡುವಿನ ಬೇಸ್‌ಲೈನನ್ನು ನೇರವಾಗಿ ಅಳೆಯಲೇಬೇಕು. ಮುಖ್ಯ ಜೋಡಿಗಳ ನಡುವಿನ ಬಿಂದುಗಳಿಗೆ ಆರ್‌ಟಿಕೆ ಸಾಕು.

ದೂರದ ಗುಡ್ಡ, ಯಾವ ಆಸರೆಯೂ ಇಲ್ಲ. ಒಂದು ಬಿಂದುವಿನ ಮೇಲೆ ಎರಡು ದಿನ ಪಿಪಿಪಿ, ಉಳಿದದ್ದಕ್ಕೆ ಅದೇ ಬಿಂದು ಬೇಸ್.

ದಟ್ಟ ಕಾಡು ಅಥವಾ ಎತ್ತರದ ಕಟ್ಟಡಗಳ ಓಣಿ. ಫಿಕ್ಸ್ ಬರುವವರೆಗೆ ಕೋಲು ಹಿಡಿದು ನಿಲ್ಲುವುದು ಬೇಡ, ಅಲ್ಲಿ ಬರುವ ಫಿಕ್ಸೇ ಅಪಾಯ. ಬಯಲಿರುವ ಎರಡೂ ತುದಿಗಳಲ್ಲಿ ಸ್ಟ್ಯಾಟಿಕ್ ಜೋಡಿ ನೆಟ್ಟು, ನಡುವೆ ಟೋಟಲ್ ಸ್ಟೇಷನ್‌ನಲ್ಲಿ ಬಿಂದುವಿನಿಂದ ಬಿಂದುವಿಗೆ ಅಳೆಯುತ್ತಾ ಟ್ರಾವರ್ಸ್ ಓಡಿಸಿ ಮುಚ್ಚಿ.

ಡ್ರೋನ್ ನಕ್ಷೆಯ ನೆಲಗುರುತುಗಳಿಗೆ ಆರ್‌ಟಿಕೆ ಧಾರಾಳ. ಅಣೆಕಟ್ಟಿನ ಅಥವಾ ಜಾರುವ ಗುಡ್ಡದ ಚಲನೆ ಗಮನಿಸುವ ಬಿಂದುಗಳಿಗೆ ಅದು ಬೇಡ. ಅಲ್ಲಿ ಕಾಂಕ್ರೀಟ್ ಕಂಬದ ಮೇಲೆ ಆಂಟೆನಾ ಪ್ರತಿ ಸಲ ಅದೇ ಜಾಗದಲ್ಲಿ ಕೂರುವ ತಿರುಪು, ಅದೇ ಆಂಟೆನಾ, ದೀರ್ಘ ಸ್ಟ್ಯಾಟಿಕ್.

ಯಾವುದನ್ನೇ ಆರಿಸಿದರೂ ಬಿಂದುವಿನ ವಿವರ ಪತ್ರದಲ್ಲಿ ಇಷ್ಟನ್ನು ಬರೆದಿಡಿ: ಡೇಟಮ್ ಮತ್ತು ಅದರ ಕಾಲ, ಅಳೆದ ದಿನಾಂಕ, ವಿಧಾನ, ಆಂಟೆನಾ ಮಾದರಿ, ಎತ್ತರವನ್ನು ಆಂಟೆನಾದ ಯಾವ ಭಾಗದವರೆಗೆ ಅಳೆದಿರಿ, ಜಿಯಾಯ್ಡ್ ಮಾದರಿ, ಎರಡು ಬಾರಿಯ ಅಳತೆಗಳ ವ್ಯತ್ಯಾಸ. ಟೇಪ್ ಹಿಡಿದ ಆಂಟೆನಾದ ಒಂದು ಫೋಟೊ ಜೊತೆಗಿರಲಿ. 1.435 ಆಗಿತ್ತೇ, 1.345 ಆಗಿತ್ತೇ ಎಂದು ಮರುದಿನ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ನಮ್ಮಲ್ಲಿ ಇಲ್ಲದಿದ್ದದ್ದು ಆ ಫೋಟೊ.